ಪಟ್ಟಿಯಲ್ಲಿಲ್ಲದ ಫೋನು

"ನಿಮ್ಮ ಫೋನಲ್ಲಿ ವೈಫೈ ಕಾಲಿಂಗ್ ಇದೆ ಸಾರ್. ನಮ್ಮ ನೆಟ್‌ವರ್ಕಲ್ಲೂ ಇದೆ. ಆದ್ರೆ ನಿಮಗೆ ಬರಲ್ಲ," ಎಂದಳು ಕಸ್ಟಮರ್ ಕೇರ್ ಹುಡುಗಿ, ಸಿಹಿಸುದ್ದಿ ಹೇಳುವ ದನಿಯಲ್ಲಿ.

ಎಕ್ಸ್‌ರೇ ತೆಗೆಯುವವನು ಆಸ್ಪತ್ರೆಯ ನೆಲಮಾಳಿಗೆಯ ಮೆಟ್ಟಿಲ ಮೇಲೆ ತುದಿಗಾಲಲ್ಲಿ ನಿಂತಿದ್ದ. ಅಲ್ಲಿಂದ ಒಂದು ಮೆಟ್ಟಿಲು ಇಳಿದರೂ ಸಿಗ್ನಲ್ ಮಾಯ. "ಎರಡೂ ಕಡೆ ಇದ್ದ ಮೇಲೆ ಮಧ್ಯೆ ಅಡ್ಡ ನಿಂತಿರೋದು ಯಾರಮ್ಮ?"

"ಪಟ್ಟಿ ಸಾರ್. ನಮ್ಮ ಅಂಗಡೀಲಿ ಮಾರಿದ ಫೋನುಗಳ ಪಟ್ಟಿ. ನಿಮ್ಮದು ಹೊರಗಡೆ ತಗೊಂಡಿದ್ದು. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಬೇಕಾಗಿದ್ದುದು ಇದೊಂದೇ, ಸಿಗ್ನಲ್ ಇಲ್ಲದ ಕಡೆ ವೈಫೈ ಮೂಲಕವೇ ಫೋನು ಬರುವುದು. ಅವನ ಕೋಣೆಯ ಗೋಡೆಗೆಲ್ಲ ಸೀಸದ ತಗಡು ಹೊಡೆದಿದ್ದಾರೆ. ವೈಫೈ ಪೆಟ್ಟಿಗೆ ತಲೆಯ ಮೇಲೇ ಮಿನುಗುತ್ತಿದ್ದರೂ ಫೋನಿಗೆ ಮಾತ್ರ ಅಲ್ಲಿ ಗರ ಬಡಿದಿರುತ್ತದೆ. ಬೇರೆ ದಿನಗಳಲ್ಲಿ ಅವನಿಗೆ ಅದೊಂದು ನೆಮ್ಮದಿ. ಆದರೆ ಇವತ್ತು ಬುಧವಾರ. ಹಿಂದೆ ಇದೇ ಆಸ್ಪತ್ರೆಯಲ್ಲಿದ್ದು ಈಗ ಬೇರೆ ಊರಿಗೆ ಹೋಗಿರುವ ಫಿಸಿಯೋಥೆರಪಿಸ್ಟ್ ಒಬ್ಬಳನ್ನು, ತನ್ನ ನಲವತ್ತೊಂದನೇ ವಯಸ್ಸಿನಲ್ಲಿ, ಮದುವೆ ಆಗ್ತೀರಾ ಎಂದು ಕೇಳಿಬಿಟ್ಟಿದ್ದ. "ಬುಧವಾರ ಬೆಳಗ್ಗೆ ನಾನೇ ಫೋನ್ ಮಾಡ್ತೀನಿ. ನೀವಾಗಿ ಮಾಡಿ ಪೀಡಿಸ್ಬೇಡಿ. ನಾನು ಮಾಡೋದೂ ಒಂದೇ ಸಲ. ಎತ್ತಲಿಲ್ಲ ಅಂದ್ರೆ ನಿಮ್ಮ ಮನಸ್ಸೇ ಬದಲಾಯ್ತು ಅಂದ್ಕೋತೀನಿ," ಎಂದಿದ್ದಳು ಆಕೆ. ಆಕೆಯದು ಬಟನ್ ಫೋನು, ಮೆಸೇಜು ಗಿಸೇಜು ನಡೆಯದು. ಇವನ ಜೊತೆಯವನು ರಜೆ. ಹೊರಗೆ ಬೆಂಚಿನ ತುಂಬ ಮುರಿದ ಕೈಕಾಲುಗಳು ಕಾಯುತ್ತಿದ್ದವು.

ಮೆಟ್ಟಿಲು ಒರೆಸುತ್ತಿದ್ದವಳು ಎಲ್ಲ ಕೇಳಿಸಿಕೊಂಡಳು. ಒಂಬತ್ತು ವರ್ಷದಿಂದ ಆ ನೆಲಮಾಳಿಗೆಗೆಲ್ಲ ಅವಳೊಬ್ಬಳೇ. ಅಲ್ಲಿ ಯಾರು ಏನು ಪಿಸುಗುಟ್ಟಿದರೂ ಅವಳ ಕಿವಿ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. "ನಂದೂ ಅದೇ ಕಂಪನಿ ಸಿಮ್ಮು ಸಾರ್. ಫೋನೂ ಅವರ ಅಂಗಡೀದೇ, ಆಫರಲ್ಲಿ ಬಂದ ಡಬ್ಬಾ. ನಿಮ್ಮ ಕೋಣೆ ಒರೆಸುವಾಗ್ಲೂ ಮಗಳ ಫೋನು ಬರತ್ತೆ. ನಿಮ್ಮ ಸಿಮ್ ಇದಕ್ಕೆ ಹಾಕ್ಕೊಳ್ಳಿ, ನಂದು ನಿಮ್ಮದಕ್ಕಿರಲಿ. ಸಾಯಂಕಾಲ ಅದಲು ಬದಲು." ಅವನು ಹೂಂ ಎನ್ನುವ ಮೊದಲೇ ಕಿವಿಯ ಓಲೆ ಬಿಚ್ಚಿ, ಅದರ ತಂತಿಯಿಂದ ಸಿಮ್ ಹೊರಗೆಳೆದಿದ್ದಳು.

ಹತ್ತು ಗಂಟೆಗೆ ಸೀಸದ ಗೋಡೆಗಳ ನಡುವೆ ಡಬ್ಬಾ ಗಂಟಲು ಬಿಚ್ಚಿ ಕೂಗಿತು. ಇವನು ಹಾರಿ ಹಿಡಿದ. ಪರದೆಯ ಮೇಲೆ "ಅರ್ಜೆಂಟಪ್ಪ" ಎಂದಿತ್ತು. ಎತ್ತಿದರೆ ದೊಡ್ಡ ಡಾಕ್ಟರು, "ಆ ರಿಪೋರ್ಟು ಸ್ವಲ್ಪ ಅರ್ಜೆಂಟು ಕಣಯ್ಯ!" ಸಿಮ್ ತನ್ನದಾದರೂ ಹೆಸರುಗಳೆಲ್ಲ ಅವಳ ಫೋನಿನವು ಎಂದು ಆಗ ಹೊಳೆಯಿತು. ಹತ್ತೂವರೆಗೆ "ಶ್‌ಶ್ ಸಿಸ್ಟರ್" ಬಂದರು, ಅಂದರೆ ಹೆಡ್ ನರ್ಸ್. ಹನ್ನೊಂದಕ್ಕೆ "ಬಂದೆ ಬಂದೆ", ಅಂದರೆ ಎಂದೂ ಬಾರದ ಲಿಫ್ಟ್ ರಿಪೇರಿಯವನು. ನಕ್ಕೂ ನಕ್ಕೂ ಇವನ ಕನ್ನಡಕ ಜಾರಿತು. ತನ್ನ ಫೋನಿನಲ್ಲಿ ಇವರೆಲ್ಲ ರೇಡಿಯಾಲಜಿ ಹೆಡ್, ವಾರ್ಡ್ 3, ಲಿಫ್ಟ್. ಅಷ್ಟೇಕೆ, ಮದುವೆಗೆ ಕೇಳಿದ ಹೆಣ್ಣು ಕೂಡ ಅದರಲ್ಲಿ ಇನ್ನೂ "ಫಿಸಿಯೋ, ಎರಡನೇ ಮಹಡಿ". ನೆನಪಾಗಿ ನಾಚಿಕೆಯಾಯಿತು.

ಹನ್ನೊಂದೂವರೆಗೆ ದಪ್ಪ ಮೀಸೆಯ ಡ್ರೈವರೊಬ್ಬ ಎಕ್ಸ್‌ರೇ ಫಲಕಕ್ಕೆ ಎದೆಯೊತ್ತಿ ನಿಂತಿದ್ದ. "ಉಸಿರು ಎಳ್ಕೊಳ್ಳಿ... ಹಾಂ, ಹಿಡ್ಕೊಳ್ಳಿ," ಎಂದು ದಿನಕ್ಕೆ ನೂರು ಸಲ ಹೇಳುವುದನ್ನೇ ಇವನು ಹೇಳುವಷ್ಟರಲ್ಲಿ ಫೋನು ಹೊಡೆದುಕೊಂಡಿತು. "ನಗೋ ಮೇಡಂ." ಯಾರೆಂದು ಯೋಚಿಸಬೇಕಾಗಿಯೇ ಇರಲಿಲ್ಲ.

"ಎತ್ತಿದ್ರಿ!" ಎಂದಳು ಆಕೆ. ಹೆಸರಿಗೆ ತಕ್ಕ ಹಾಗೆ ನಗುತ್ತಲೇ ಇದ್ದಳು.

"ಎತ್ತಿದೆ."

"ಹಾಗಾದ್ರೆ ನಂದು ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ ಕಣ್ರೀ. ಎಕ್ಸ್‌ರೇ ತೆಗ್ಸಿ ತೋರಿಸ್ಬೇಕಾ?"

ಅವನು ಅಷ್ಟೊಂದು ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಾಗ ಫಲಕದ ಕಡೆಯಿಂದ ಸಣ್ಣಗೆ ಕೀರಲು ದನಿ ಬಂತು. "ಸಾರ್, ಉಸಿರು ಬಿಡ್ಲಾ?"

ಸಂಜೆ ಐದಕ್ಕೆ ಅದೇ ಮೆಟ್ಟಿಲ ಮೇಲೆ ಓಲೆಯ ತಂತಿಯಿಂದಲೇ ಸಿಮ್ಮುಗಳು ಮನೆ ಸೇರಿದವು. ಸುದ್ದಿ ಹೇಳಬೇಕಾಗಿ ಬರಲಿಲ್ಲ. ಅವನ ಹಲ್ಲು ಬೆಳಗ್ಗೆಯಿಂದ ಒಳಗೆ ಹೋಗಿರಲಿಲ್ಲ. "ಭಾರಿ ಹೆಸರುಗಳಮ್ಮ ನಿಮ್ಮ ಫೋನಲ್ಲಿ," ಎಂದ.

"ಇನ್ನೇನ್ ಮತ್ತೆ? ನಂಬರ್ ಮರೆತು ಹೋಗತ್ತೆ. ಮನುಷ್ಯರು ಮರೆತು ಹೋಗಲ್ವಲ್ಲ."

"ನಾನು ಏನಂತ ಇದೀನಿ?"

"ಫೋನ್ ಮಾಡಿ ನೋಡಿ. ಹೆಂಗೂ ಸಿಮ್ ಸರಿಯಾಗಿ ಕೂತಿದೆಯಾ ನೋಡ್ಬೇಕು."

ಮಾಡಿದ. ಅವಳ ಅಂಗೈಯಲ್ಲಿ ಡಬ್ಬಾ ಕೂಗುತ್ತ ಹೆಸರು ತೋರಿಸಿತು: "ಉಸಿರಣ್ಣ". ಇವನಿಗೆ ಬೆಳಗಿನ ಸಂತೋಷದ ಮೇಲೆ ಇನ್ನೊಂದು ಸಂತೋಷವಾಯಿತು.

"ಈಗ ನಿಮ್ದು ನೋಡೋಣ," ಎಂದು ಅವಳೂ ಒತ್ತಿಯೇಬಿಟ್ಟಳು. ಅವನು ಬೇಡ ಬೇಡ ಎನ್ನುತ್ತ ಜೇಬಿಗೆ ತುರುಕುವಷ್ಟರಲ್ಲಿ ಫೋನು ಮಿನುಗಿತು. ದುಬಾರಿ ಫೋನು, ಅಕ್ಷರಗಳೂ ದೊಡ್ಡವು: "ಕ್ಲೀನಿಂಗ್ 2".

ಅವಳು ಒಂದೊಂದೇ ಅಕ್ಷರ ಓದಿದಳು. ಓಲೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಬಕೆಟ್ ಎತ್ತಿ, ನಗುತ್ತಲೇ ಎರಡು ಮೆಟ್ಟಿಲು ಇಳಿದಳು. ಆಮೇಲೆ ನಿಂತು ತಿರುಗಿದಳು.

"ಎರಡು ನಾನಾದ್ರೆ, ಒಂದು ಯಾರು ಸಾರ್?"