ಮೂಲೆಯ ಕುಂಕುಮ

ಹೊಸ ಪ್ಲಾಸ್ಟಿಕ್ ಕವರಿನ ವಾಸನೆ ಬಂದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಮಾನ್ವಿಯ ನಮ್ಮ ಮನೆಯಲ್ಲಿ ಅಜ್ಜಿ ನಿಜಾಮರ ಕಾಲದ ಹತ್ತು ರೂಪಾಯಿಯ ನೋಟೊಂದನ್ನು ಕಾಪಾಡಿಕೊಂಡು ಬಂದಿದ್ದಳು. ವರ್ಷಕ್ಕೊಮ್ಮೆ, ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರತೆಗೆದು ಅದರ ಮೂಲೆಗೆ ಕುಂಕುಮ ಹಚ್ಚುತ್ತಿದ್ದಳು. ಆ ಮೂಲೆ ಹಳೆಯ ಸೀರೆಯಂತೆ ಮೆತ್ತಗಾಗಿತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೂ ಉರ್ದುವಿನ ಜೊತೆಗಿದ್ದ ಕನ್ನಡದ ಸಾಲಿನ ಮೇಲೆ ನನ್ನ ಬೆರಳು ಹಿಡಿದು ಆಡಿಸುತ್ತಿದ್ದಳು. "ರಾಜ್ಯ ಅವರ್ದಿದ್ರೂ ನಮ್ಮ ಅಕ್ಷರ ಬಿಟ್ಟಿಲ್ಲ ನೋಡವ್ವಾ. ನನ್ನ ಹಿಂದ ಇದು ನಿಂದು."

ಒಂದು ವರ್ಷ ಹಬ್ಬದ ಹಿಂದಿನ ವಾರ, ಹಳೆ ನೋಟು ಕೂಡಿಸುವವರೊಬ್ಬರಿಗೆ ತೋರಿಸಿ ತರುತ್ತೇನೆಂದು ಅಪ್ಪ ಅದನ್ನು ರಾಯಚೂರಿಗೆ ಒಯ್ದ. ಮಧ್ಯಾಹ್ನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದ.

"ಇನ್ನ ಹರಿಯಂಗಿಲ್ಲ," ಎಂದ.

ನಾನು ಹೊರತೆಗೆದು ಕುಂಕುಮದ ಮೂಲೆಯನ್ನು ಉಜ್ಜಿದೆ. ಬೆರಳಿಗೆ ಕೆಂಪು ಹತ್ತಲಿಲ್ಲ. ಕಾಗದ ನುಣ್ಣಗಿತ್ತು.

"ಇದು ಅದಲ್ಲ, ಕಲರ್ ಝೆರಾಕ್ಸು," ಎಂದೆ.

ಅಪ್ಪ ಕೈಕಾಲು ತೊಳೆಯಲು ಹೋದ.

"ಸುಮ್ನಿರು ಬೇ," ಎಂದಳು ಅಜ್ಜಿ. "ನಿಮ್ಮಪ್ಪ ಯಾಕ ಸುಳ್ಳು ಹೇಳ್ತಾನ?"

ಹಬ್ಬದ ದಿನ ಅಜ್ಜಿ ಆ ಝೆರಾಕ್ಸಿಗೇ ಕುಂಕುಮ ಹಚ್ಚಿದಳು. ನಾನು ಎಂದಿನಂತೆ ಪಕ್ಕದಲ್ಲಿ ಕೂತು ಕನ್ನಡದ ಸಾಲಿನತ್ತ ಬೆರಳು ಚಾಚಿದೆ.

ಅಜ್ಜಿ ನನ್ನ ಬೆರಳು ಹಿಡಿಯಲಿಲ್ಲ.