ರಾಘು ಕಳಕೊಂಡ ಲಾಸು

“ಎರಡು ಲಕ್ಷ ಹನ್ನೊಂದು ಸಾವಿರ ಲಾಸು. ತೋರಿಸ್ತೀಯೋ, ಮುಚ್ಚಿಡ್ತೀಯೋ?” ಎಂದ ವೆಂಕಟ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

ಹೊನ್ನಾವರ ಬಸ್‌ಸ್ಟ್ಯಾಂಡಿನ ಎದುರಿನ ಮಾಳಿಗೆಯಲ್ಲಿ ಅವನ ಟ್ಯಾಕ್ಸ್ ಆಫೀಸು. ಜುಲೈ ಮೂವತ್ತೊಂದು, ರಿಟರ್ನ್ ತುಂಬಲು ಕೊನೆಯ ದಿನ. ಮರುದಿನವೇ ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗೆ. ಎದುರು ಕೂತ ರಾಘು ಬೆಳಗಾಗುವ ಮೊದಲು ಹೊಳೆಯಾಚೆಯ ಕಾಸರಕೋಡಿನಲ್ಲಿ ಬೋಟು ಹತ್ತಬೇಕು.

“ತೋರಿಸಿದ್ರೆ ಎಂತ ಸಿಗ್ತದೆ?”

“ಎಂಟು ವರ್ಷ ಅದಕ್ಕೆ ಜೀವ ಇರ್ತದೆ. ಮುಂದೆ ಶೇರಿನಲ್ಲಿ ಲಾಭ ಬಂದ್ರೆ ಅದರಲ್ಲಿ ಕಳೀಬಹುದು, ಅಷ್ಟಕ್ಕೆ ಟ್ಯಾಕ್ಸಿಲ್ಲ. ಇವತ್ತು ತೋರಿಸದಿದ್ರೆ ಸತ್ತ ಹಾಗೆ.”

ರಾಘುವಿನ ಎದೆ ಉಬ್ಬಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಸರ್ಕಾರ ಎಂಟು ವರ್ಷ ಕಾಯ್ದಿಡುವಂಥ ಆಸ್ತಿಯೊಂದು ಸಿಕ್ಕಿತ್ತಲ್ಲ! ಗಂಟಲಲ್ಲಿ ಸಿಕ್ಕ ಮುಳ್ಳು ಒಂದೇ. ಅವನ ಕೇರಿಯಲ್ಲಿ ಬೋಟಿಗೆ ಹೋಗುವವರ ಬ್ಯಾಂಕು, ಕಾಗದಪತ್ರ ಎಲ್ಲ ಹೆಂಡತಿಯ ಹೆಸರಿಗೆ. ಹತ್ತು ದಿನ ನೀರಿನ ಮೇಲಿರುವವನು ಬ್ಯಾಂಕಿನಲ್ಲಿ ಸಾಲು ನಿಲ್ಲುವುದು ಯಾವಾಗ? ಶೇರು ಖಾತೆಯನ್ನೂ ಅವನು ಹೆಂಡತಿ ಶ್ರೀಗೌರಿಯ ಹೆಸರಲ್ಲೇ ತೆರೆದಿದ್ದ, ಅವಳು ಮೀಯಲು ಹೋದಾಗ, ಅವಳದೇ ಫೋನು ಎತ್ತಿಕೊಂಡು. ಮುಳುಗಿದ್ದು ಬೋಟಿನಲ್ಲಿ ಒಂದು ಪಾಲು ಕೊಳ್ಳಲೆಂದು ಇಬ್ಬರೂ ಕೂಡಿಟ್ಟ ದುಡ್ಡು. ಈಗ ರಿಟರ್ನ್ ಕಳಿಸಲಿಕ್ಕೂ ಅವಳ ಫೋನಿಗೆ ಬರುವ ಓಟಿಪಿಯೇ ಬೇಕು. ಡೀಸೆಲ್ ಸಬ್ಸಿಡಿಯ ಕಾಗದ ಎಂದು ಸುಳ್ಳು ಹೇಳಿ ಕರೆಸಿದ್ದ.

ಒಣಮೀನಿನ ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲಿಟ್ಟು ಶ್ರೀಗೌರಿ ಮೇಲೆ ಬಂದು ಕೂತಳು. ರಾಘು ಸುಮ್ಮನಿರೆಂದು ಕಣ್ಸನ್ನೆ ಮಾಡಿದ. ವೆಂಕಟನಿಗೆ ಎಲ್ಲಿಯ ಕಣ್ಸನ್ನೆ? ಹೊರಗಿನ ಬೆಂಚಿನ ತುಂಬ ಜನ ಕಾಯುತ್ತಿದ್ದರು.

“ಅಕ್ಕಾ, ಈಗ ತೆಗೆದು ನೋಡಿದ್ರೆ ನಿಮ್ಮ ಪ್ಯಾನಿನಲ್ಲಿ ಎರಡು ಶೇರು ಖಾತೆ ತೋರಿಸ್ತದಲ್ಲ. ಒಂದರಲ್ಲಿ ಎರಡು ಲಕ್ಷ ಹನ್ನೊಂದು ಸಾವಿರ ಲಾಸು. ಇನ್ನೊಂದರಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಲಾಭ.”

ರಾಘು ಕುರ್ಚಿಯಿಂದ ಹಾರಿದ. “ಎರಡನೇದು ಯಾರದ್ದು?”

“ನಂದು,” ಎಂದಳು ಶ್ರೀಗೌರಿ. “ಮೊದಲನೇದು ಯಾರದ್ದು ಅಂತ ನಾ ಕೇಳಿದ್ನಾ?”

“ನಿಂಗೆ… ಗೊತ್ತಿತ್ತಾ?”

“ನನ್ನ ನಂಬರು ಕೊಟ್ಟು ಖಾತೆ ತೆಗೆದ್ರೆ ಮೆಸೇಜು ದೇವರ ಫೋನಿಗೆ ಬರ್ತದಾ? ನೀವು ದಡಕ್ಕೆ ಬಂದಾಗೆಲ್ಲ ಸಂಜೆ ನಂಗೇ ಬರ್ತಿತ್ತು. ಇಷ್ಟು ತಗೊಂಡ್ರಿ, ಇಷ್ಟು ಮಾರಿದ್ರಿ. ಎರಡು ತಿಂಗಳು ಸುಮ್ನೆ ನೋಡಿದೆ. ನೀವು ಹೆದರಿ ಮಾರಿದ ಶೇರು ವಾರದೊಳಗೆ ಏಳ್ತದೆ. ಒಂದು ಸಲ ತಪ್ಪಲಿಲ್ಲ! ಒಣಮೀನಿನ ದುಡ್ಡು ಹಾಕಿ ಮರುದಿನ ಅದನ್ನೇ ತಗೊಂಡು, ಎದ್ದ ಕೂಡ್ಲೆ ಮಾರೂಕೆ ಸುರು ಮಾಡಿದೆ.”

ವೆಂಕಟ ಕರ್ಚೀಪು ಬಾಯಿಗೆ ಒತ್ತಿಕೊಂಡ. ರಾಘುವಿನ ಕಿವಿ ಕೆಂಪಾಯಿತು. ಬೈಯೋಣವೆಂದರೆ ಸುಳ್ಳು ಹೇಳಿದವನು ತಾನೇ. ಸಿಟ್ಟೆಲ್ಲ ಲ್ಯಾಪ್‌ಟಾಪಿನ ಮೇಲೆ ತಿರುಗಿತು.

“ಅದೆಲ್ಲ ಸಾಯ್ಲಿ, ನನ್ನ ಲಾಸು ಹಾಕು. ಎಂಟು ವರ್ಷಕ್ಕೆ ಹಾಕು!”

“ಎಲ್ಲಿಂದ ಹಾಕಲಿ ಮಾರಾಯಾ? ಪ್ಯಾನು ಒಂದೇ, ರಿಟರ್ನೂ ಒಂದೇ. ಅಕ್ಕನ ಲಾಭ ನಿನ್ನ ಲಾಸನ್ನು ತಿಂದಾಯ್ತು. ಹದಿನೈದು ಸಾವಿರ ಉಳಿದಿದೆ, ಬೇಕಾದ್ರೆ ಅದನ್ನ ಎಂಟು ವರ್ಷ ಇಟ್ಕೋ.”

“ಲಾಸನ್ನೂ ನಂಗೆ ಅಂತ ಉಳಿಸಲಿಲ್ಲವಲ್ಲ ಇವಳು!” ಎಂದು ಕೂಗಿದ ರಾಘು. ಹೊರಗಿನ ಬೆಂಚು ಗೊಳ್ಳೆಂದಿತು. ಬೋಟಿನ ಪಾಲಿನ ದುಡ್ಡು ಹೆಚ್ಚುಕಡಿಮೆ ಮನೆಯಲ್ಲೇ ಇದೆ ಎಂಬುದು ಆಗ ಅವನ ತಲೆಗೆ ಹೊಳೆಯಿತು. ನಗು ಒತ್ತರಿಸಿ ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಗೌರಿ, ಆತು. ಇನ್ನು ಶೇರಿನ ಸುದ್ದಿಗೆ ಹೋಗೂದಿಲ್ಲ. ನಿನ್ನಾಣೆ, ಇವತ್ತಿಗೆ ಬಿಟ್ಟೆ.”

ಶ್ರೀಗೌರಿಯ ಮುಖದ ನಗು ಪಕ್ಕನೆ ಆರಿತು. ಓಟಿಪಿ ಬಂದು ಟಿಣ್ ಎಂದ ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು.

“ನೀವು ಬಿಟ್ರೆ ನನ್ನ ಗತಿ ಎಂತ?” ಎಂದಳು. “ಮಾರಿ, ಧಾರಾಳ ಮಾರಿ. ಸ್ವಲ್ಪ ಮೊದಲು ನಂಗೆ ಹೇಳಿ, ಸಾಕು.”