ಸಾವಂತ್ರಿಯ ಅಪ್ಪ

ಒಬ್ಬರಿಗೆ ಹೇಳಿಕೊಂಡ ನೆನಪು ಹೇಳಿದವರ ತಲೆಯಿಂದ ಅಳಿಸಿಹೋಗಿ ಕೇಳಿದವರ ಪಾಲಾಗುತ್ತಿದ್ದ ಕಾಲವದು. ಅದಕ್ಕೇ ಪರವೂರಿನವರನ್ನು ಕಂಡರೆ ಜನ ಬಾಯಿ ಬಿಗಿಹಿಡಿಯುತ್ತಿದ್ದರು.

ಕಾಣೆಯಾದ ಮಗಳನ್ನು ಹುಡುಕುತ್ತ ಊರೂರು ಅಲೆದ ಫಕೀರಪ್ಪ, ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್ ಮಾರುವ ಹುಸೇನಬಿಗೆ ಫೋಟೋ ತೋರಿಸಿದ.

“ಈ ಹುಡುಗಿ ಗೊತ್ತೇನಬೇ?”

“ಗೊತ್ತು. ಆದ್ರ ನೀ ಯಾರೋ ಏನೋ. ಮೊದಲ ನಿಂದೊಂದು ಸಣ್ಣ ನೆನಪು ಕೊಡು, ನಿಮ್ಮನಿ ಎಮ್ಮಿದಾದ್ರೂ ನಡೀತೈತಿ. ಇದು ನಮ್ಮೂರ ಪದ್ಧತಿ.”

“ಮಗಳನ್ನ ಕಳಕೊಂಡಾಂವನ ಜೋಡಿ ವ್ಯಾಪಾರ ಮಾಡ್ತಿ? ನಾಚಿಕಿ ಇಲ್ಲ ನಿನಗ?” ಫಕೀರಪ್ಪ ಸಿಡಿದೆದ್ದ. “ನನ್ನ ಸಾವಂತ್ರಿ ಎಂಥಾಕಿ ಗೊತ್ತೇನು?”

ಸಿಟ್ಟು ತಲೆಗೇರಿದವನಿಗೆ ಎಚ್ಚರವೆಲ್ಲಿ? ತೊಟ್ಟಿಲು ತೂಗಿದ್ದರಿಂದ ಹಿಡಿದು ಅವಳು ಮನೆ ಬಿಟ್ಟ ದಿನದವರೆಗೆ ಎಲ್ಲವನ್ನೂ ಒದರಿಬಿಟ್ಟ. “ಸಾಕೋ ಯಣ್ಣಾ, ನಿಲ್ಲಸೋ!” ಎಂದು ಹುಸೇನಬಿ ಕೂಗಿದರೂ ಕೇಳಲಿಲ್ಲ.

ಅವನ ಮಾತು ಮುಗಿಯುವಷ್ಟರಲ್ಲಿ ಆಕೆಯ ಕಣ್ಣು ತುಂಬಿದ್ದವು. ಗಡಬಡಿಸಿ ಎದ್ದು ಅವನ ಕೈ ಹಿಡಿದಳು.

“ನಡಿ ಯಣ್ಣಾ, ಹಿಂದಿನ ಓಣಿಗೆ. ನಿನ್ನ ಮಗಳನ್ನ ತೋರಸ್ತೀನಿ.”

ಫಕೀರಪ್ಪ ನಕ್ಕು ಮೆಲ್ಲಗೆ ಕೈ ಬಿಡಿಸಿಕೊಂಡ.

“ನನಗೆಲ್ಲಿ ಮಗಳಬೇ? ನನ್ನ ನೋಡಿ ಬ್ಯಾರೆ ಯಾರೋ ಅಂತ ತಿಳದಿ.”

ಪಾಪ, ಯಾವ ದುಃಖವೋ ಏನೋ ಎಂದುಕೊಳ್ಳುತ್ತ ಊರಿನ ಬಸ್ ಹತ್ತಿದ.